ಅವರ ತಟ್ಟೆಯಲ್ಲಿ ಉಂಡವಳು

ಮಗು ಬೇಕೆಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರನ್ನು ಕೇಳಿದರೆ ಈಗ ಕಥೆಯೇ ಬೇರೆ. "ಇಬ್ರೂ ಕೂಡಿ ವಿಚಾರ ಮಾಡಿದ್ವಿ" ಎನ್ನುತ್ತಾರೆ ನನ್ನ ಗಂಡ. ಕೂಡಿಯಂತೆ! ಕಷ್ಟದಲ್ಲಿರುವ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತೇವೆ ಎಂದು ಇಲ್ಲಿನ ನಗರಸಭೆಗೆ, ಅಂದರೆ ಕೌನ್ಸಿಲ್‌ಗೆ, ಅರ್ಜಿ ಹಾಕಿದವಳು ನಾನು. ತರಬೇತಿಗೆ ಶನಿವಾರ ಶನಿವಾರ ಅವರನ್ನು ಎಳೆದುಕೊಂಡು ಹೋದವಳು ನಾನು. ಹಿಂದಿನ ಸಾಲಿನಲ್ಲಿ ಕೂತು ಬಿಸ್ಕೆಟ್ ತಿಂದು ಬಂದವರು ಅವರು. ಇಂಗ್ಲಿಷರ ನಾಡಿನ ಈ ಹ್ಯಾರೋದ ನಮ್ಮ ಮನೆಯ ಸಣ್ಣ ಕೋಣೆಗೆ ನಾನು ಹಳದಿ ಬಣ್ಣ ಬಳಿಯುತ್ತಿದ್ದರೆ ಬಾಗಿಲಲ್ಲಿ ನಿಂತು ಬುದ್ಧಿ ಬೇರೆ ಹೇಳಿದರು: "ಯಾರದೋ ಕೂಸು, ಎಷ್ಟು ದಿನ ಇರ್ತದೋ ಏನೋ. ಭಾಳ ಹಚ್ಚಿಕೋಬ್ಯಾಡ."

ಬಂದದ್ದು ಐದು ವರ್ಷದ ಹುಡುಗಿ. ಅವಳ ಹಿಂದಿನ ಬದುಕನ್ನು ಬರೆಯುವ ಹಕ್ಕು ನನಗಿಲ್ಲ. ಹೆತ್ತವಳಿಗೆ ನೋಡಿಕೊಳ್ಳಲು ಆಗಲಿಲ್ಲ, ಮಗು ತನ್ನ ಊಟ ತಾನೇ ಹುಡುಕಿಕೊಂಡು ತಿಂದು ಬೆಳೆದಿತ್ತು, ಇಷ್ಟು ಸಾಕು. ಸೋಷಿಯಲ್ ವರ್ಕರ್ ಹೆಂಗಸಿನ ಕೈ ಹಿಡಿದು ಒಳಗೆ ಬಂದವಳು ನನ್ನನ್ನು ಒಮ್ಮೆ ನೋಡಿದಳು. ನಾನು ಎರಡೂ ಕೈ ಚಾಚಿ ನಿಂತಿದ್ದೆ. ಅವಳು ನನ್ನ ಪಕ್ಕದಿಂದ ಹಾದು, ಸೋಫಾದಲ್ಲಿ ಕ್ರಿಕೆಟ್ ನೋಡುತ್ತಿದ್ದ ನಮ್ಮವರ ಹತ್ತಿರ ಹೋಗಿ ಕೂತಳು. ಅವರು ತಿರುಗಿಯೂ ನೋಡಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದೆಂದರೆ ಇದೇ.

ಅಂದಿನಿಂದ ಅವರು "ಕಾಕಾ" ಆದರು. ನಾನು ಏನೂ ಆಗಲಿಲ್ಲ. ನೀರು ಬೇಕಾದರೂ ನನ್ನನ್ನು ಕೇಳುತ್ತಿರಲಿಲ್ಲ, ಕಾಕಾನಿಂದ ಹೇಳಿಸುತ್ತಿದ್ದಳು. ನಾನು ಎದುರಿಗೇ ನಿಂತಿರುತ್ತಿದ್ದೆ!

ನಮ್ಮ ಧಾರವಾಡದ ಕಡೆ ಮಗುವನ್ನು ಪ್ರೀತಿಸುವುದೆಂದರೆ ಕೈಯಾರೆ ಉಣಿಸುವುದು. ಪರೀಕ್ಷೆಗೆ ಓದುತ್ತಿರುವ ದೊಡ್ಡ ಹುಡುಗಿಯ ಬಾಯಿಗೂ ತುತ್ತು ತಾನಾಗಿ ಬರುತ್ತದೆ. ಹಾಗಾಗಿ ಮೊದಲ ದಿನವೇ ಬಿಸಿ ಅನ್ನಕ್ಕೆ ತೊವ್ವೆ, ಮೇಲೆ ತುಪ್ಪ ಹಾಕಿ ಮೆತ್ತಗೆ ಕಲಸಿ ಅವಳ ಬಾಯಿಗೆ ಹಿಡಿದೆ. ಹಲ್ಲು ಕಚ್ಚಿ ಕೂತಳು. ನಮ್ಮ ಹೆಂಗಸರು ಅಷ್ಟಕ್ಕೆ ಬಿಡುತ್ತಾರೆಯೇ? ಇದು ಕಾಗೆಗೆ, ಇದು ಗುಬ್ಬಿಗೆ ಎಂದು ರಮಿಸಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೇಲಿನ ಕೋಣೆಗೆ ಓಡಿದಳು. ಆ ವಾರ ಬಂದ ಸೋಷಿಯಲ್ ವರ್ಕರ್ ಮೆಲ್ಲಗೆ ಹೇಳಿದರು: ಆ ಮಗುವಿನ ಬದುಕಿನಲ್ಲಿ ಅದರ ಕೈಯಲ್ಲಿದ್ದದ್ದು ಊಟವೊಂದೇ, ಅದನ್ನು ಅದರ ಕೈಯಲ್ಲೇ ಬಿಡಿ. ನಗುತ್ತಲೇ ತಲೆಯಾಡಿಸಿದೆ. ಒಳಗೆ ಮಾತ್ರ ಕುದಿಯುತ್ತಿದ್ದೆ. ತುಪ್ಪ ಹಾಕಿ ತುತ್ತು ಕೊಟ್ಟವಳು ಕಸಿದುಕೊಂಡವಳಾದೆನಲ್ಲ!

ಸರಿ, ಅವಳ ಊಟ ಅವಳಿಗೆ ಬಿಟ್ಟೆ. ಒಂದು ಭಾನುವಾರ ನಮ್ಮವರು ಚಪಾತಿ, ಬದನೆಕಾಯಿ ಪಲ್ಯ ತಿನ್ನುತ್ತಿದ್ದಾಗ ಅವಳು ಪಕ್ಕದ ಕುರ್ಚಿಯಿಂದ ಕೈ ಚಾಚಿ, ಅವರ ತಟ್ಟೆಯ ಚಪಾತಿಯನ್ನೇ ಹರಿದುಕೊಂಡಳು. ನಮ್ಮವರ ಎಂಜಲಿನ ಶಾಸ್ತ್ರ ಊರಿಗೆಲ್ಲ ಗೊತ್ತು. ಇವತ್ತಿಗೂ ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರೆ. ನಮ್ಮ ಮದುವೆಯ ಊಟದಲ್ಲಿ ಎಲ್ಲರ ಒತ್ತಾಯಕ್ಕೆ ನಾನು ಅವರ ಬಾಯಿಗೆ ಲಾಡು ಹಿಡಿದಾಗ, ನನ್ನ ಬೆರಳು ತಾಗೀತೆಂದು ಹಿಂದಕ್ಕೆ ವಾಲಿದ ಮಹಾನುಭಾವರು. ಅಂಥವರು ತಟ್ಟೆಯನ್ನು ಅವಳ ಕಡೆ ಸರಿಸಿದರು. ಅವಳು ಕಚ್ಚಿ ನೋಡಿ, ಸೇರದೆ, ಉಗುಳಿದಂತೆ ಮರಳಿ ಇಟ್ಟ ಬದನೆಕಾಯಿ ಹೋಳನ್ನು ಎತ್ತಿ ತಿಂದೇಬಿಟ್ಟರು.

"ಏನ್ರೀ, ಎಂಜಲ ಅದು!" ಎಂದೆ.

"ಕೂಸಿನ ಎಂಜಲ ಎಂಜಲೇನ?" ಎಂದರು, ಬಾಯಿ ತುಂಬ ತಿನ್ನುತ್ತ.

ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ನನಗೆ ಯಾರ ಮೇಲೆ ಹೊಟ್ಟೆಕಿಚ್ಚು ಎಂದು ನನಗೇ ಬಗೆಹರಿಯಲಿಲ್ಲ. ನನ್ನ ತುತ್ತು ಒಲ್ಲೆನೆಂದ ಮಗು ಅವರ ತಟ್ಟೆಗೆ ಕೈ ಹಾಕಿತೆಂದೋ, ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ಸಿಗದ ತಟ್ಟೆ ಅವಳಿಗೆ ನಾಲ್ಕು ದಿನದಲ್ಲಿ ಸಿಕ್ಕಿತೆಂದೋ. ಎರಡೂ ಕಡೆಯಿಂದ ಉರಿಯಿತು. ಧಾರವಾಡದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯ, ನಿನ್ನ ಹೊಟ್ಟಿಕಿಚ್ಚಿಗಿಷ್ಟು! ಸವತಿ ಬಂದಳೇನ ಮನಿಗೆ, ಮಗಳು ಬಂದಾಳ" ಎಂದಳು. ಮಗಳಂತೆ, ಯಾರ ಮಗಳು?

ಚಳಿಗಾಲ ಬಂತು. ಮಗು ತಾಯಿಯ ಬಳಿಗೆ ಮರಳುವುದಿಲ್ಲವೆಂದು ಕೋರ್ಟು ತೀರ್ಮಾನಿಸಿತು. ನೀವೇ ದತ್ತು ತೆಗೆದುಕೊಳ್ಳುತ್ತೀರಾ ಎಂದು ಸೋಷಿಯಲ್ ವರ್ಕರ್ ಕೇಳಿದರು. ಇಬ್ಬರೂ ಒಪ್ಪಬೇಕು, ಇಲ್ಲವಾದರೆ ಅವಳಿಗೆ ಬೇರೆ ಮನೆ ನೋಡುತ್ತೇವೆ, ಸಂಕ್ರಾಂತಿ ಕಳೆದ ಸೋಮವಾರ ಫೋನ್ ಮಾಡುತ್ತೇನೆ ಎಂದರು. (ಸಂಕ್ರಾಂತಿಯ ಲೆಕ್ಕ ನನ್ನದು, ಅವರು ತಾರೀಖು ಹೇಳಿದ್ದರು.)

"ಹೂಂ ಅಂದುಬಿಡೋಣ" ಎಂದರು ನಮ್ಮವರು.

"ನಿಮಗ ಮಗಳು ಸಿಕ್ಕಳು. ನನಗೇನು ಸಿಕ್ಕದ? ಇಬ್ರಿಗೂ ಬೇಯಿಸಿ ಹಾಕ್ಲಿಕ್ಕೆ ಒಬ್ಬಾಕಿ ಬೇಕು, ನಾ ಇದ್ದೀನಿ."

"ಹಂಗ್ಯಾಕ ಅಂತೀ?"

"ಮತ್ತ ಹೆಂಗ ಅನ್ಲಿ? ಆಕಿಗೆ ನಾ ಬ್ಯಾಡ. ಬ್ಯಾಡಾದಾಕಿನ್ನ ಜೀವನಪೂರ್ತಿ ತಾಯಿ ಅನ್ನು ಅಂತ ಕೂಡಿಸ್ತೀರೇನ?"

ಬೇರೆ ಮನೆಗೆ ಹೋಗಲಿ, ಆಗ ಇವರಿಗೂ ನನ್ನ ಹಾಗೆ ಕೈ ಖಾಲಿಯಾಗುತ್ತದೆ ಎಂಬ ಯೋಚನೆಯೂ ಬಂತು ನನಗೆ. ಬಂದದ್ದಷ್ಟೇ ಅಲ್ಲ, ಅದನ್ನು ಓಡಿಸಲಿಲ್ಲ, ಎರಡು ದಿನ ಜೊತೆಗಿಟ್ಟುಕೊಂಡೆ.

ಫೋನ್ ಬರಬೇಕಾದ ಹಿಂದಿನ ದಿನ, ಭಾನುವಾರ, ಹ್ಯಾರೋದ ಒಂದು ಶಾಲೆಯ ಹಾಲ್‌ನಲ್ಲಿ ಕನ್ನಡದವರ ಸಂಕ್ರಾಂತಿ ಕೂಟ. ಬೆಂಗಳೂರಿನ ಒಬ್ಬ ಹುಡುಗಿ, ಮೊನ್ನೆ ಮೊನ್ನೆ ನಮ್ಮ ಬೀದಿಗೆ ಬಂದವಳು, ತನ್ನ ಎಳೆಗೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಒಂದ್ನಿಮಿಷ ಹಿಡ್ಕೊಳ್ಳಿ ಆಂಟಿ, ನಂದು ಡ್ಯಾನ್ಸ್ ಇದೆ" ಎಂದು ವೇದಿಕೆಗೆ ಓಡಿದಳು. ಎಂಥ ಮಗು ಅದು! ಗುರುತಿಲ್ಲ ಪರಿಚಯವಿಲ್ಲ, ನನ್ನ ಸರ ಹಿಡಿದೆಳೆದು ಕೇಕೆ ಹಾಕಿತು. ನನಗೂ ಎಷ್ಟೋ ದಿನದ ಮೇಲೆ ನಗು ಬಂತು. ಕೆನ್ನೆಗೆ ಕೆನ್ನೆ ಒತ್ತಿ ಮುದ್ದಿಸಿದೆ.

ತಲೆಯೆತ್ತಿದರೆ ನಮ್ಮ ಹುಡುಗಿ ಎದುರಿಗೆ. ಹಾಲ್‌ನ ಆ ತುದಿಯಲ್ಲಿ ಕಾಕಾನ ಜೊತೆ ಕೂತವಳು ಕುರ್ಚಿಗಳ ನಡುವೆ ತೂರಿಕೊಂಡು ಬಂದಿದ್ದಳು. ಕಿವಿ ಕೆಂಪಗಾಗಿತ್ತು, ಕೆಳದುಟಿ ಮುಂದೆ ಬಂದಿತ್ತು.

"ಷೀ ಹ್ಯಾಸ್ ಹರ್ ಓನ್ ಮಮ್" ಎಂದಳು.

"ಹೌದಲ್ಲ, ಅಲ್ಲಿ ಕುಣೀಲಿಕ್ಕತ್ತಾಳ ನೋಡು" ಎಂದೆ.

ಅವಳು ನೋಡಲಿಲ್ಲ. ನಮ್ಮ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಪ್ಪಟ ಧಾರವಾಡದವಳ ಹಾಗೆ ಹೇಳಿದಳು: "ಕೆಳಗ ಇಳಸು."

ತಕ್ಷಣ ಇಳಿಸಬಹುದಿತ್ತು. ಇಳಿಸಲಿಲ್ಲ. ಆ ಉರಿ ಎಂಥದೆಂದು ಆ ಹಾಲ್‌ನಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಅದು ನನಗಾಗಿ ಉರಿಯುತ್ತಿದೆಯೆಂದು ಕಣ್ಣಾರೆ ಇನ್ನೊಂದು ಗಳಿಗೆ ನೋಡಬೇಕಿತ್ತು. ಅಷ್ಟರಲ್ಲಿ ನಮ್ಮವರು ಅವಳನ್ನು ಹುಡುಕಿಕೊಂಡು ಬಂದು, "ಬಾ ಪುಟ್ಟಿ, ನನ್ನ ಕಡೆ ಬಾ" ಎಂದು ಕೈ ಚಾಚಿದರು. ಅವಳು ಆ ಕೈಯನ್ನು ತಳ್ಳಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ನಮ್ಮವರ ಮುಖ ಸಪ್ಪಗಾಯಿತು. ಪಾಪ ಎನ್ನಿಸಬೇಕಿತ್ತು. ಖರೇ ಹೇಳುತ್ತೇನೆ, ಹೊಟ್ಟೆ ತಣ್ಣಗಾಯಿತು.

"ತಗೋರಿ, ಇದನ್ನ ನೀವ ಹಿಡ್ಕೋರಿ" ಎಂದು ಎಳೆಗೂಸನ್ನು ಅವರ ಕೈಗೆ ಕೊಟ್ಟೆ. ನಮ್ಮ ಹುಡುಗಿ ತೊಡೆಯೇರಲಿಲ್ಲ. ನನ್ನ ಮೊಣಕಾಲಿಗೆ ಬೆನ್ನು ಕೊಟ್ಟು, ಇನ್ನು ಯಾರೂ ಹತ್ತಿರ ಬರದಂತೆ ಕಾವಲು ನಿಂತಳು. ಅವಳ ತಲೆಯ ಮೇಲಿನಿಂದ ನಮ್ಮವರಿಗೆ ಹೇಳಿದೆ, "ನಾಳೆ ಫೋನ್ ಬಂದ್ರ ನನ್ನ ಕೈಯಾಗ ಕೊಡ್ರಿ. ಹೂಂ ಅಂತ ನಾನ ಹೇಳ್ತೀನಿ."