ಯಂತ್ರದೊಳಗೆ ಗಾಳಿ ಹೋಗದ ಎಂಟು ದಿನ

ಗೆಳೆಯರೇ, ಊರಿನ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಯಂತ್ರ ಒಂದೇ ಸಮನೆ ಕೂಗುತ್ತಿದೆ ಎಂದು ಇವತ್ತು ಬೆಳಿಗ್ಗೆ ಹುಬ್ಬಳ್ಳಿಯ ಕಚೇರಿಯೊಂದರ ಸಾಹೇಬರು ಫೋನ್ ಮಾಡಿದರು. ರಿಪೇರಿಯೇ ನನ್ನ ಹೊಟ್ಟೆಪಾಡು. ಹೋಗಿ ಪಂಪ್ ಬಿಚ್ಚಿದೆ, ಫಿಲ್ಟರ್ ಬದಲಿಸಿದೆ, ಪೈಪಿನ ಒಂದೊಂದು ಜಾಯಿಂಟನ್ನೂ ಬಿಗಿ ಮಾಡಿದೆ. ಮಧ್ಯಾಹ್ನವಾದರೂ ಗಾಳಿ ಒಳಗೆ ಬರಲೊಲ್ಲದು. ಕಡೆಗೆ ತಾರಸಿ ಹತ್ತಿದರೆ, ಗಾಳಿ ಎಳೆದುಕೊಳ್ಳುವ ಪೈಪಿನ ಮೇಲೆ ಮೂರೆಳೆ ವಿಭೂತಿ, ಅದರ ಬಾಯಿಗೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ!

ಕಾವಲುಗಾರ ಬಸಪ್ಪ ಕಾಕಾನನ್ನು ಕರೆದು ಕೇಳಿದೆ.

"ಎಂಟ ದಿವಸದ ಹಿಂದ ಖಂಡೇಪೂಜಿ ದಿನಾ, ಮಷೀನಿಗೆ ಪೂಜಿ ಮಾಡಿ ನಾನ ಕಟ್ಟೇನ್ರಿ ಸರ. ಮಷೀನಿಗೆ ಧೂಳ ಆಗಿ ಬರಂಗಿಲ್ಲಂತ ನೀವ ಹೇಳಿದ್ರೆಲ್ಲರಿ?"

ಹೇಳಿದ್ದು ನಿಜ. ಹಿಂದಿನ ಸಲ ಬಂದಾಗ, ಕೋಣೆಯ ಬಾಗಿಲು ಹಾಕಿಡಲಿ ಎಂದು ಹೇಳಿದ್ದೆ.

ಚೀಲ ಬಿಚ್ಚಿದೆ. ಕೂಗು ನಿಂತಿತು, ಪರದೆಯ ಮೇಲೆ ಅಂಕಿಗಳು ಸರಸರನೆ ಏರಿದವು. ಸಾಹೇಬರ ಮುಖ ಇಳಿಯಿತು.

"ಏನ್ರೀ ಇದು? ಕೂಗೂದು ನಿಲ್ಲಸ್ರಿ ಅಂತ ಕರಸಿದ್ರ, ಊರ ಗಾಳಿನ ಕೆಡಿಸಿಬಿಟ್ರಲ್ಲರಿ! ಎಂಟ ದಿವಸ ಎಷ್ಟ ಛಲೋ ಇತ್ತು. ಹಂಗಂತ ಮ್ಯಾಲಿನವರಿಗೆ ಬರದೂ ಕಳಿಸೇನಿ."

"ಎಂಟ ದಿವಸ ಅದು ಗಾಳಿನ ಕಂಡಿಲ್ಲರಿ ಸರ," ಎಂದೆ.

ಸಾಹೇಬರು ಬಾಗಿಲ ಕಡೆಗೊಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಆ ಚೀಲಾ ಎಲ್ಲಿಟ್ಟೀರಿ?"

ಚೀಲ ನನ್ನ ಜೇಬಿನಲ್ಲೇ ಇತ್ತು. ಕೊಡಲಿಲ್ಲ. ದೊಡ್ಡ ಸಾಹಸ ಮಾಡಿದವನಂತೆ ಬಸ್ ಹತ್ತಿದ ಮೇಲೆ ಹೊಳೆಯಿತು: ಸಾಹೇಬರು ಕಚೇರಿ ಪಕ್ಕದ ಕೇಶ್ವಾಪುರದ ಯಾವ ಅಂಗಡಿಗೆ ಹೋದರೂ ಅಂಥದೊಂದು ಬಿಟ್ಟಿ ಸಿಗುತ್ತದೆ.