ಕೆಡುತ್ತೆ ಎಂದು ಗೊತ್ತಿದ್ದ ಯಂತ್ರ

ಎಂಬತ್ತರ ದಶಕದ ಕೊನೆಗೆ ಹುನಗುಂದದಲ್ಲಿ ಹೊಸ ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜ್ ಜೋಡಿಸಲು ಹೋಗಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಇಡೀ ತಾಲೂಕಿಗೆ ಒಬ್ಬರೇ ಇದ್ದ ಹೆರಿಗೆ ಡಾಕ್ಟರಮ್ಮ ನೋಡಲು ಬಂದರು. ಹಳೆಯ ಲೈನು ಮಾತಿನ ನಡುವೆ ಕಟ್ಟಾಗಿ, ನರ್ಸಿಗೆ ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುವ ಸಂಕಟವನ್ನು ಎಷ್ಟೋ ಸಲ ಉಂಡವರು.

ಯಂತ್ರದೊಳಗೆ ಒಂದೇ ತರಹದ ಎರಡು ಕಂಪ್ಯೂಟರ್ ಕಾರ್ಡುಗಳನ್ನು ಕಂಡು, “ಎರಡು ಯಾಕ್ರಿ?” ಎಂದರು.

“ಒಂದು ಕೆಲಸ ಮಾಡುತ್ತೆ, ಇನ್ನೊಂದು ಸ್ಟ್ಯಾಂಡ್‌ಬೈ. ಮೊದಲನೆಯದು ಕೆಟ್ಟರೆ ತಕ್ಷಣ ಇದು ವಹಿಸಿಕೊಳ್ಳುತ್ತೆ.”

“ಅಂದ್ರ ಕೆಡ್ತೈತಿ ಅಂತ ನಿಮಗ ಮೊದಲ ಗೊತ್ತೈತಿ!”

“ಹೌದು ಮೇಡಂ, ಯಾವತ್ತೋ ಒಂದು ದಿನ ಕೆಟ್ಟೇ ಕೆಡುತ್ತೆ.”

ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತರು.

“ಇಷ್ಟ ದಿನ ಬಂದವ್ರೆಲ್ಲಾ ಕೆಡೂದಿಲ್ಲ ಅಂತನ ಹೇಳಿ ಹೋದ್ರು. ನೀವಾರ ಖರೆ ಹೇಳಿದ್ರಿ. ನಾ ದವಾಖಾನಿಗೆ ಫೋನ್ ಮಾಡ್ತೇನಿ, ನಡುವ ಒಂದು ಕಾರ್ಡ್ ಕಿತ್ತ ಬಿಡ್ರಿ, ನೋಡೂಣು.”

ತರಬೇತಿಯ ಕೋಣೆಯ ಹೊರಗೆ ನಾನು ಅದನ್ನು ಮಾಡಿರಲೇ ಇಲ್ಲ. ಅವರು ಬಾಣಂತಿಯೊಬ್ಬಳ ಔಷಧವನ್ನು ನರ್ಸಿಗೆ ಹೇಳತೊಡಗಿದರು. ಕೆಲಸ ಮಾಡುತ್ತಿದ್ದ ಕಾರ್ಡನ್ನೇ ಎಳೆದೆ. ಕೆಂಪು ದೀಪ ಹತ್ತಿತು. ಡಾಕ್ಟರಮ್ಮ ಮಾತಾಡುತ್ತಲೇ ಇದ್ದರು. ಕೊನೆಗೆ ರಿಸೀವರಿಗೆ ಕೈ ಅಡ್ಡ ಹಿಡಿದು, “ಯಾವಾಗ ಕೀಳ್ತೀರಿ?” ಎಂದು ಕೇಳಿದರು.

ಕೈಯಲ್ಲಿದ್ದ ಕಾರ್ಡು ತೋರಿಸಿದೆ.

ಅವರು ಗಟ್ಟಿಯಾಗಿ ನಕ್ಕರು. “ಹಂಗಾರ ಈ ತಾಲೂಕಿಗೆ ಇನ್ನೊಬ್ಬಾಕಿ ಡಾಕ್ಟರನ್ನೂ ಹಿಂಗ ಸ್ಟ್ಯಾಂಡ್‌ಬೈ ಇಟ್ಟ ಹೋಗ್ರಿ!”

ಆ ಸಾಮಾನು ಮಾತ್ರ ನಮ್ಮ ಇಲಾಖೆಯ ಉಗ್ರಾಣದಲ್ಲಿ ಇರಲಿಲ್ಲ.