ಮುದ್ದೆ ತೊಳಸಿದ ಭುಜ

ನನ್ನ ಬಲಭುಜ ಹೋದದ್ದು ಕಣ್ಣು ತಾಗಿ ಅಲ್ಲ, ವಯಸ್ಸಾಗಿಯೂ ಅಲ್ಲ. ಜಂಭದಿಂದ ಹೋಯಿತು. ಊರಿನವರಿಗೆ ಬೇರೆ ಬೇರೆ ಕಾರಣ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಒಂದು ಕ್ಯಾಂಟೀನಿನಲ್ಲಿ ನನಗೆ ಕೋಲು ಹಿಡಿದು ರಾಗಿಮುದ್ದೆ ತೊಳಸುವ ಕೆಲಸ ಸಿಕ್ಕಿತ್ತು. ಮನೆಯಲ್ಲಾದರೆ ಪಾತ್ರೆ ನೆಲದ ಮೇಲೆ, ಅದನ್ನು ಹಿಡಿಯುವ ಕವೆಗೋಲು ಪಾದದಡಿ, ಬಲವೆಲ್ಲ ಸೊಂಟದ್ದು. ಕಂಪನಿಯಲ್ಲಿ ಒಲೆಯೂ ಸಾಹೇಬರ ಹಾಗೆ ಎತ್ತರದಲ್ಲಿರುತ್ತದೆ. ನಿಂತೇ ತೊಳಸಬೇಕು, ಭಾರವೆಲ್ಲ ಭುಜಕ್ಕೆ. ಎರಡನೇ ಶಿಫ್ಟು ಶುರುವಾದಾಗ ಉಣ್ಣುವವರು ಹೆಚ್ಚಿ, ಸ್ನಾನದ ಹಂಡೆಯಂಥ ಹೊಸ ಪಾತ್ರೆ ಬಂತು. ನನ್ನ ಜೊತೆ ಕೆಲಸಕ್ಕಿದ್ದ ಮಾಗಡಿಯ ರತ್ನ ನೋಡಿದವಳೇ ಹೇಳಿದಳು:

"ಒಬ್ರ ಕೈಲಿ ಆಗಾಕಿಲ್ಲ ದೊಡ್ಡವ್ವ, ಇಬ್ರೂ ಹಿಡ್ಕಳಣ."

"ನೀ ಸಾರು ನೋಡ್ಕಾ ಹೋಗಮ್ಮಿ" ಎಂದೆ.

ಹಿಟ್ಟು ಬಿಗಿಯಿತು. ಕೋಲು ನಿಂತಿತು, ಪಾತ್ರೆಯೂ ನಿಂತಿತು, ನಾನೊಬ್ಬಳೇ ತಿರುಗಿದೆ. ಒಳಗೆ ಏನೋ ಲಟಕ್ಕೆಂದಿತು.

ನೋವಿಗೆ ಔಷಧಿ ಗೊತ್ತಿಲ್ಲದವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬಳು ಹರಳೆಣ್ಣೆ ಸವರಿ ಎಕ್ಕದ ಎಲೆ ಕಟ್ಟಿದಳು. ಇನ್ನೊಬ್ಬಳು ಅದನ್ನು ಬಿಚ್ಚಿ ಮರಳಿನ ಶಾಖ ಕೊಟ್ಟಳು. ನಾಟಿ ವೈದ್ಯ ಬಂದು ಉದ್ದಿನಹಿಟ್ಟಿಗೆ ಮೊಟ್ಟೆ ಕಲಸಿ ಪಟ್ಟು ಹಾಕಿದ. ಸಂಜೆಯ ಹೊತ್ತಿಗೆ ನಮ್ಮ ನಾಯಿ ನನ್ನ ಭುಜ ನೋಡಿ ಬಾಯಿ ಚಪ್ಪರಿಸುತ್ತಿತ್ತು. ನೋವು ಮಾತ್ರ ಅಲ್ಲೇ ಇತ್ತು.

ರಾಮನಗರದ ಆಸ್ಪತ್ರೆಯ ಡಾಕ್ಟರು ಫೋಟೊ ತೆಗೆಸಿ, ಒಳಗೆ ನಾರು ಒಸಿ ಹರಿದಿದೆ, ಆರು ವಾರ ಭಾರ ಮುಟ್ಟದೆ ವ್ಯಾಯಾಮ ಮಾಡಿದರೆ ಆಪರೇಷನ್ ಬೇಕಾಗುವುದಿಲ್ಲ ಎಂದರು. ಕ್ಯಾಂಟೀನಿನ ಸೂಪರ್‌ವೈಸರ್ ಕೊಟ್ಟದ್ದು ಮೂರೇ ವಾರ. ಅಷ್ಟರಲ್ಲಿ ಕೈ ಏಳದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದ. ನನಗೆ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಮೊದಲ ದಿನವೇ ಕೇಳಿದಳು: "ಅಜ್ಜಿ, ಹತ್ತಕ್ಕೆ ಎಷ್ಟು ನೋವು?"

"ಹತ್ತರ ನೋವು ಯಾವ್ದು ಅಂತ ಮೊದ್ಲು ನೀನೇಳು."

"ಹೆರಿಗೆ ನೋವು ಅಂದ್ಕೊಳ್ಳಿ."

"ಅದು ಮುಗೀತದೆ ಕಣವ್ವ, ಕೈಗೊಂದು ಕೂಸೂ ಬತ್ತದೆ. ಇದ್ರಲ್ಲೇನ್ ಬತ್ತದೆ?"

ಅವಳು ನಗುತ್ತಾ ಆರು ಎಂದು ಬರೆದುಕೊಂಡಳು. ನನ್ನ ಲೆಕ್ಕವೇ ಬೇರೆ. ತುರುಬು ಕಟ್ಟಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಸೊಸೆ ಕಟ್ಟುತ್ತಿದ್ದಳು, ಹುಲ್ಲಿನ ಹೊರೆ ಬಿಗಿದ ಹಾಗೆ. ನೋವು ಎಷ್ಟಿದೆ ಎಂದು ತಿಳಿಯಲು ಆ ತುರುಬೊಂದು ಸಾಕಿತ್ತು.

ವ್ಯಾಯಾಮವೆಂದರೆ ಬೆರಳುಗಳನ್ನು ಗೋಡೆಯ ಮೇಲೆ ಹಲ್ಲಿಯ ಹಾಗೆ ಹತ್ತಿಸುವುದು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಇದ್ದಿಲಿನಲ್ಲಿ ಗೀಟು. ದಿನಕ್ಕೊಂದು ಬೆರಳಗಲ ಮೇಲೇರಿದ್ದೇನೆಂದು ಹೇಳಿಕೊಂಡು ತಿರುಗಿದೆ. ಆ ಹುಡುಗಿಯ ಮುಂದೆ ಹತ್ತಿಸಿ ತೋರಿಸಿದಾಗ ಅವಳು ನನ್ನ ಕೈ ನೋಡಲೇ ಇಲ್ಲ, ಪಾದ ನೋಡಿದಳು.

"ಅಜ್ಜಿ, ಏರ್ತಿರೋದು ಕೈ ಅಲ್ಲ, ಹಿಮ್ಮಡಿ!"

ನೋವಿಗೆ ಮೋಸ ಮಾಡಲು ಹೊರಟವರು ಹೀಗೆಯೇ ತುದಿಗಾಲಲ್ಲಿ ನಿಲ್ಲುತ್ತಾರೆ. ಅಂದಿನಿಂದ ಹಿಮ್ಮಡಿ ಊರಿ ಹತ್ತಿಸಿದೆ. ಗೀಟು ಐದಾರು ಬೆರಳಗಲ ಕೆಳಗಿಳಿಯಿತು. ಮರ್ಯಾದೆಯೂ ಇಳಿಯಿತು. ಆದರೆ ರಾತ್ರಿ ಒಂದು ನಿದ್ದೆ ಬರತೊಡಗಿತು.

ಮೂರು ವಾರ ಮುಗಿದ ದಿನ ಕ್ಯಾಂಟೀನಿಗೆ ಹೋದೆ. ಸೂಪರ್‌ವೈಸರ್ ಕುರ್ಚಿಯಿಂದಲೇ ಕೇಳಿದ: "ಎಲ್ಲಿ, ಕೈ ಎತ್ತಿ ನೋಡೋಣ."

ಎತ್ತಿದೆ. ಎಡಗೈಯನ್ನು. ಕಿವಿಗೆ ತಾಗುವ ಹಾಗೆ ನೆಟ್ಟಗೆ. ಅವನಿಗೆ ಯಾವ ಭುಜ ಎಂಬುದು ಮರೆತೇ ಹೋಗಿತ್ತು. "ನಾಳೆಯಿಂದ ಬನ್ನಿ" ಎಂದ.

ರತ್ನ ಬಾಗಿಲವರೆಗೂ ಹಿಂದೆ ಬಂದಳು. "ಸಾರ್‌ಗೆ ಗೊತ್ತಾಗ್ನಿಲ್ಲ ದೊಡ್ಡವ್ವ. ಹಿಟ್ಗೆ ಗೊತ್ತಾಯ್ತದೆ."

ಬಸ್ಸಿನಲ್ಲಿ ಕೂತು ಅವಳನ್ನು ಬೈದುಕೊಂಡೇ ಬಂದೆ. ಸರಿಯಾದದ್ದನ್ನು ಹೇಳುವವರನ್ನು ಬೈಯದೆ ಇನ್ನು ಯಾರನ್ನು ಬೈಯುವುದು?

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಸೂಪರ್‌ವೈಸರ್ ಮುಂದೆ ನಿಂತೆ. "ನಿನ್ನೆ ಎತ್ತಿದ್ದು ಎಡಗೈ ಸಾರ್. ಬಲಗೈಗೆ ಇನ್ನೂ ಮೂರು ವಾರ ಬೇಕು. ಸೊಪ್ಪು ಬಿಡ್ಸಾಕೆ ಕೈ ಮೇಲೆತ್ತಬೇಕಾಗಿಲ್ಲ, ಅಲ್ಲಿಗಂಟ ಅದ್ನೇ ಮಾಡ್ತೀನಿ. ಬ್ಯಾಡ ಅಂದ್ರೆ ಈಗ್ಲೇ ಹೇಳಿ, ವಾಪಸ್ ಬಸ್ಸೈತೆ."

ಅವನು ನನ್ನ ಎರಡೂ ಭುಜಗಳನ್ನು ಒಂದಾದ ಮೇಲೊಂದು ನೋಡಿ, "ಹೋಗಿ, ಸೊಪ್ಪು ಅಲ್ಲೈತೆ" ಎಂದ.

ಕೋಲು ರತ್ನಳ ಕೈಯಲ್ಲಿತ್ತು. ನಾನು ಗೋಡೆಗೊರಗಿ ದಂಟಿನ ಸೊಪ್ಪು ಬಿಡಿಸಿದೆ. ಹನ್ನೊಂದಕ್ಕೆ ಮೊದಲ ಮುದ್ದೆ ಇಳಿಯಿತು. "ಹೆಂಗೈತೆ ದೊಡ್ಡವ್ವ?" ಎಂದು ಅವಳೇ ತಂದುಕೊಟ್ಟಳು. ಒಂದೇ ತುತ್ತಿನಲ್ಲಿ ಹಸಿ ಹಿಟ್ಟಿನ ಎರಡು ಗಂಟು ಸಿಕ್ಕವು.

ನುಂಗಿದೆ. "ಚೆನ್ನಾಗೈತೆ ಕಣಮ್ಮಿ" ಎಂದೆ.